ಮೊದಲ ಪಾಸ್ ಎತ್ತುವವರು ಯಾರು?

ಊರ ಜಾತ್ರೆಗೋ ಗಣೇಶೋತ್ಸವಕ್ಕೋ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ನಡೆಯುತ್ತಿದೆ ಎಂದುಕೊಳ್ಳಿ. ಮೊದಲ ಸೆಟ್ಟಿನ ಐದಾರು ಅಂಕ ಮುಗಿಯುವಷ್ಟರಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಅವನಿಗೇ ಹಾಕು!’ ಎದುರು ತಂಡದಲ್ಲಿ ಸರ್ವೀಸ್ ಎತ್ತಲು ತಡಬಡಾಯಿಸುವ ಒಬ್ಬನನ್ನು ಕ್ಯಾಪ್ಟನ್ ಆಗಲೇ ಗುರುತಿಸಿ ಆಗಿರುತ್ತದೆ. ಅಲ್ಲಿಂದ ಮುಂದೆ ಸರ್ವೀಸಿಗೆ ಬಂದವರೆಲ್ಲ ಅವನನ್ನೇ ಹುಡುಕಿ ಚೆಂಡು ಕಳಿಸುತ್ತಾರೆ. ಒಂದು ಚೆಂಡು ಅವನ ಕೈಗೆ ಬಡಿದು ಶಾಮಿಯಾನದ ಕಡೆ ಹಾರುತ್ತದೆ. ಇನ್ನೊಂದು ಸೀದಾ ಬಲೆಯಾಚೆ ಹೋಗಿ ಎದುರಿನವರಿಗೆ ಹೊಡೆಯಲು ಹದವಾಗಿ ಸಿಗುತ್ತದೆ. ಮೂರನೆಯದು ಔಟ್ ಎಂದುಕೊಂಡು ಬಿಟ್ಟರೆ ಗೆರೆಯ ಒಳಗೇ ಬೀಳುತ್ತದೆ. ಅಷ್ಟು ಹೊತ್ತೂ ಆ ತಂಡದ ಆರಡಿ ಎತ್ತರದ ಸ್ಮ್ಯಾಷರ್ ಬಲೆಯ ಬಳಿ ಸುಮ್ಮನೆ ನಿಂತಿರುತ್ತಾನೆ. ಅವನ ತನಕ ಚೆಂಡೇ ಬಂದಿಲ್ಲ.

ಮರುದಿನ ಹೋಟೆಲಿನ ಮುಂದೆ ಸೋತ ತಂಡದವರು ಆಡುವ ಮಾತೂ ಗೊತ್ತಿರುವುದೇ: ‘ನಮಗೆ ಇನ್ನೊಬ್ಬ ಸ್ಮ್ಯಾಷರ್ ಬೇಕಿತ್ತು.’ ನನ್ನ ಪ್ರಕಾರ ಅವರಿಗೆ ಬೇಕಾದದ್ದು ನೆಟ್ಟಗೆ ರಿಸೀವ್ ಮಾಡಬಲ್ಲ ಇಬ್ಬರು. ನಮ್ಮ ಊರುಗಳಲ್ಲಿ ಎತ್ತರದ ಹುಡುಗರಿಗೆ, ಜೋರಾಗಿ ಹೊಡೆಯುವವರಿಗೆ ಕೊರತೆಯಿಲ್ಲ. ಮೊದಲ ಚೆಂಡನ್ನು ಲಿಫ್ಟರ್ ತಲೆಯ ಮೇಲೆ ಕೊಂಡೊಯ್ದು ಇಡುವವರು ಸಿಗುವುದು ಅಪರೂಪ.

ಇದಕ್ಕೆ ಸರಳ ಲೆಕ್ಕವೊಂದಿದೆ. ಈಗಿನ ನಿಯಮದಲ್ಲಿ ಪ್ರತಿ ಸರ್ವೀಸಿಗೂ ಯಾರಿಗಾದರೂ ಒಂದು ಅಂಕ ಬಂದೇ ಬರುತ್ತದೆ, ಅಂಕ ಗೆದ್ದವರೇ ಮುಂದಿನ ಸರ್ವೀಸ್ ಮಾಡುತ್ತಾರೆ. ಹಾಗಾಗಿ 25-22ಕ್ಕೆ ಮುಗಿದ ಸೆಟ್ಟಿನಲ್ಲಿ ಸೋತವರು 24 ಅಥವಾ 25 ಸರ್ವೀಸ್ ಎದುರಿಸಿರುತ್ತಾರೆ, ಗೆದ್ದವರು 22 ಅಥವಾ 23. ಅಂದರೆ ಗೆದ್ದ ತಂಡವೂ ಇಪ್ಪತ್ತಕ್ಕಿಂತ ಹೆಚ್ಚು ಸಲ ರಿಸೀವ್ ಮಾಡಿಯೇ ಗೆದ್ದದ್ದು. ಬ್ಲಾಕ್ ಆಗಲಿ, ಡ್ರಾಪ್ ಆಗಲಿ, ಹಿಂದಿನ ಸಾಲಿನಿಂದ ಹಾರಿ ಹೊಡೆಯುವುದಾಗಲಿ ಒಂದು ಸೆಟ್ಟಿನಲ್ಲಿ ಇಷ್ಟು ಸಲ ಬರುವುದಿಲ್ಲ. ಆದರೂ ಸಂಜೆಯ ಪ್ರಾಕ್ಟೀಸಿನಲ್ಲಿ ಮುಕ್ಕಾಲು ಹೊತ್ತು ಹೋಗುವುದು ಬಲೆಯ ಮುಂದೆ ಸಾಲುಗಟ್ಟಿ ಸ್ಮ್ಯಾಷ್ ಹೊಡೆಯುವುದರಲ್ಲೇ.

ರಿಸೀವ್ ಚೆನ್ನಾಗಿತ್ತು, ಕೆಟ್ಟಿತ್ತು ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ಜಗತ್ತಿನ ಕೋಚ್‌ಗಳು ಬಹುಕಾಲದಿಂದ ಒಂದು ಸುಲಭ ಪದ್ಧತಿ ಇಟ್ಟುಕೊಂಡಿದ್ದಾರೆ. ಪ್ರತಿ ರಿಸೀವಿಗೂ 3ರಿಂದ 0ವರೆಗೆ ಒಂದು ಅಂಕ. ಲಿಫ್ಟರ್ ತನ್ನ ಜಾಗದಲ್ಲೇ ನಿಂತು ಎಡ, ಬಲ, ನಡು ಯಾರಿಗೆ ಬೇಕಾದರೂ ಚೆಂಡು ಎತ್ತಬಹುದಾದರೆ 3. ಒಂದೆರಡು ಹೆಜ್ಜೆ ಸರಿದು ಇಬ್ಬರಿಗೆ ಮಾತ್ರ ಎತ್ತಬಹುದಾದರೆ 2. ಓಡಿಹೋಗಿ ಹೇಗೋ ಒಬ್ಬನಿಗೆ ಎತ್ತರದ ಚೆಂಡು ಕೊಡುವುದಷ್ಟೇ ಸಾಧ್ಯವಾದರೆ 1. ಚೆಂಡು ಸತ್ತರೆ ಸೊನ್ನೆ. ಒಬ್ಬ ಹುಡುಗ ಹತ್ತು ಸರ್ವೀಸ್ ಎತ್ತಿದ್ದಾನೆ, ಮೂರಕ್ಕೆ 3, ನಾಲ್ಕಕ್ಕೆ 2, ಎರಡಕ್ಕೆ 1, ಒಂದಕ್ಕೆ ಸೊನ್ನೆ ಎಂದರೆ ಒಟ್ಟು 19, ಸರಾಸರಿ 1.9. ಊರ ಮಟ್ಟದಲ್ಲಿ ಇದು ಒಳ್ಳೆಯ ಆಟವೇ. ಇಡೀ ತಂಡದ ಸರಾಸರಿ ಒಂದರ ಆಸುಪಾಸಿನಲ್ಲಿದ್ದರೆ ಸ್ಮ್ಯಾಷರ್‌ನನ್ನು ಬೈದು ಪ್ರಯೋಜನವಿಲ್ಲ. ಎದುರಿನವರಿಗೆ ಚೆಂಡು ಯಾರಿಗೆ ಹೋಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ, ಇಬ್ಬರು ಬ್ಲಾಕಿಗೆ ಅಲ್ಲೇ ಕಾದು ನಿಂತಿರುತ್ತಾರೆ.

ಇನ್ನು ಎತ್ತುವ ಬಗೆ. ಮೊದಲನೆಯದು ಕಣ್ಣು. ದೊಡ್ಡ ಮಟ್ಟದ ಪುರುಷರ ಆಟದಲ್ಲಿ ಹಾರಿ ಹೊಡೆದ ಸರ್ವೀಸ್ ಗಂಟೆಗೆ 120 ಕಿ.ಮೀ. ದಾಟುವುದುಂಟು. ಅಂಕಣದ ಉದ್ದ 18 ಮೀಟರ್, ಚೆಂಡು ಬಂದು ಮುಟ್ಟಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು. ಊರಿನ ಪಂದ್ಯಾಟದಲ್ಲಿ ಇಷ್ಟು ವೇಗ ಇರುವುದಿಲ್ಲ ಎನ್ನಿ. ಆದರೂ ಚೆಂಡು ಬಲೆ ದಾಟಿದ ಮೇಲೆ ಕಾಲು ಕಿತ್ತರೆ ತಡವಾಯಿತೆಂದೇ ಅರ್ಥ. ಒಳ್ಳೆಯ ರಿಸೀವರ್ ನೋಡುವುದು ಸರ್ವೀಸ್ ಮಾಡುವವನ ಭುಜವನ್ನು, ಅವನು ಚೆಂಡು ಮೇಲೆಸೆಯುವ ರೀತಿಯನ್ನು. ಚೆಂಡು ತಲೆಯ ಹಿಂದಕ್ಕೆ ಹೋಯಿತೇ, ಮುಂದಕ್ಕೆ ಬಂತೇ, ಭುಜ ಯಾವ ಮೂಲೆಗೆ ತಿರುಗಿದೆ ಎಂಬುದರಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಎರಡನೆಯದು ಕಾಲು. ನಮ್ಮಲ್ಲಿ ಹೆಚ್ಚಿನವರು ನಿಂತಲ್ಲಿಂದಲೇ ಕೈ ಚಾಚುತ್ತಾರೆ. ಕೈ ಪಕ್ಕಕ್ಕೆ ಹೋದ ಕೂಡಲೇ ಎರಡು ಮುಂಗೈಗಳ ನಡುವೆ ಸಂದು ಬೀಳುತ್ತದೆ, ಚೆಂಡು ಒಂದೇ ಕೈಗೆ ತಾಗಿ ಎತ್ತಲೋ ಹೋಗುತ್ತದೆ. ಮೊದಲು ಕಾಲು ಹೋಗಬೇಕು, ಆಮೇಲೆ ಕೈ. ಮೊಣಕಾಲು ಬಗ್ಗಿ, ಭಾರ ಪಾದದ ಮುಂಭಾಗದ ಮೇಲಿದ್ದು, ಹಿಮ್ಮಡಿ ನೆಲಕ್ಕೆ ಅಂಟದ ಹಾಗೆ ನಿಂತವನು ಎರಡು ಪುಟ್ಟ ಹೆಜ್ಜೆಯಲ್ಲಿ ಚೆಂಡಿನ ಹಿಂದೆ ಹೋಗಿ ನಿಲ್ಲಬಲ್ಲ. ಸೊಂಟ ನೆಟ್ಟಗೆ ಮಾಡಿಕೊಂಡು ನಿಂತವನಿಗೆ ಒಂದು ಹೆಜ್ಜೆಯೂ ಆಗುವುದಿಲ್ಲ.

ಮೂರನೆಯದು ಮುಂಗೈ. ಅಂಗೈ ಒಂದರ ಮೇಲೊಂದು ಇಟ್ಟು, ಹೆಬ್ಬೆರಳೆರಡೂ ಪಕ್ಕಪಕ್ಕ ನೆಲದ ಕಡೆ ಬಾಗಿ, ಮೊಣಕೈ ನೆಟ್ಟಗಿರಬೇಕು. ಚೆಂಡು ತಾಗಬೇಕಾದದ್ದು ಮಣಿಕಟ್ಟಿನಿಂದ ತುಸು ಒಳಗೆ, ಮಾಂಸವಿರುವ ಕಡೆ. ಹೆಬ್ಬೆರಳ ಗೆಣ್ಣಿಗೆ ತಾಗಿದ ಚೆಂಡಿಗೆ ದಿಕ್ಕಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪು ಕೈ ಬೀಸುವುದು. ಜೋರಾಗಿ ಬಂದ ಸರ್ವೀಸಿನಲ್ಲಿ ಬೇಕಾದಷ್ಟು ಬಲ ಮೊದಲೇ ಇದೆ, ನೀವು ಸೇರಿಸಬೇಕಾದ್ದೇನಿಲ್ಲ. ಹೆಂಚಿನ ಮಾಡಿನ ಓರೆ ಎತ್ತ ಇದೆಯೋ ಮಳೆನೀರು ಅತ್ತಲೇ ಇಳಿಯುವ ಹಾಗೆ, ಮುಂಗೈ ಓರೆ ಎತ್ತ ಮುಖ ಮಾಡಿದೆಯೋ ಚೆಂಡು ಅತ್ತ ಹೋಗುತ್ತದೆ. ಎಡಬದಿಗೆ ಬಂದ ಚೆಂಡಿಗೆ ಎಡ ಭುಜ ತುಸು ಎತ್ತಿ, ಬಲ ಭುಜ ತಗ್ಗಿಸಿದರೆ ಸಾಕು, ಚೆಂಡು ಲಿಫ್ಟರ್ ಕಡೆ ತಿರುಗುತ್ತದೆ. ಬರೀ ಭುಜದ ಈ ಒಂದು ಅಭ್ಯಾಸಕ್ಕೆ ವಾರದಲ್ಲಿ ಒಂದು ಸಂಜೆ ಕೊಟ್ಟು ನೋಡಿ.

ಫ್ಲೋಟ್ ಸರ್ವೀಸಿನ ವಿಷಯ ಬೇರೆ. ಅಂಗೈ ಬುಡದಿಂದ ಚೆಂಡಿನ ನಟ್ಟನಡುವಿಗೆ ಥಟ್ಟನೆ ಬಡಿದು, ಕೈ ಅಲ್ಲೇ ನಿಲ್ಲಿಸಿದರೆ ಚೆಂಡು ತಿರುಗದೆ ಬರುತ್ತದೆ. ತಿರುಗದ ಚೆಂಡಿನ ಮೇಲೆ ಗಾಳಿ ಒಂದೇ ಸಮನೆ ಹರಿಯುವುದಿಲ್ಲ. ಹೊಲಿಗೆ, ಪಟ್ಟಿಗಳು ಯಾವ ಕಡೆ ಇವೆ ಎಂಬುದರ ಮೇಲೆ ಒಂದು ಬದಿಯ ಗಾಳಿ ಬೇಗ ಬಿಟ್ಟುಕೊಳ್ಳುತ್ತದೆ, ಇನ್ನೊಂದು ಬದಿಯದು ತಡವಾಗಿ. ಹಾಗಾಗಿ ಚೆಂಡು ಓಲಾಡುತ್ತದೆ, ಕೊನೆಯ ಗಳಿಗೆಯಲ್ಲಿ ಎದೆಯಿಂದ ಮೊಣಕಾಲಿಗೆ ಇಳಿಯುತ್ತದೆ. ಊರಿನ ಬಯಲಿನಲ್ಲಿ ಗಾಳಿ ಬೀಸುತ್ತಿದ್ದರಂತೂ ದೇವರೇ ಗತಿ. ಇದಕ್ಕೆ ಮದ್ದು ಎರಡು. ಒಂದೋ ಒಂದು ಹೆಜ್ಜೆ ಮುಂದೆ ನಿಂತು ಚೆಂಡು ಆಟವಾಡುವ ಮೊದಲೇ ಎತ್ತುವುದು. ಇಲ್ಲವೇ ತಲೆಯ ಮೇಲೆ ಬೆರಳುಗಳಿಂದ ತೆಗೆದುಕೊಳ್ಳುವುದು. ಸರ್ವೀಸನ್ನು ಬೆರಳಿನಿಂದ ಎತ್ತಿದರೆ ಫೌಲ್ ಎಂದು ನಂಬಿರುವ ಹಿರಿಯರು ಇನ್ನೂ ಇದ್ದಾರೆ. ಈಗಿನ ನಿಯಮದಲ್ಲಿ ಅದು ಫೌಲ್ ಅಲ್ಲ, ಚೆಂಡನ್ನು ಹಿಡಿದು ಎಸೆಯಬಾರದು ಅಷ್ಟೇ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಫ್ಲೋಟ್ ಸರ್ವೀಸನ್ನು ಹೀಗೆ ಎತ್ತುವುದು ಈಗ ದಿನನಿತ್ಯದ ನೋಟ.

ಕೋಚ್‌ಗಳಿಗೆ ಹೇಳಬೇಕಾದದ್ದು ಇದಕ್ಕಿಂತ ಹೆಚ್ಚಿದೆ.

ನಮ್ಮ ಬಹುಪಾಲು ತಂಡಗಳು ಸರ್ವೀಸಿಗೆ ಐದು ಜನರನ್ನು ನಿಲ್ಲಿಸುತ್ತವೆ. ಲಿಫ್ಟರ್ ಒಬ್ಬನನ್ನು ಬಿಟ್ಟು ಉಳಿದವರು ಮೂವರು ಮುಂದೆ, ಇಬ್ಬರು ಹಿಂದೆ. ನೋಡಲು ಸುಭದ್ರ. ಆದರೆ ಐವರ ನಡುವೆ ಸಂದುಗಳೂ ಅಷ್ಟೇ ಹೆಚ್ಚು. ಚೆಂಡು ಇಬ್ಬರ ನಡುವೆ ಬಿದ್ದು ‘ನಿಂದು, ನಿಂದು’ ಎನ್ನುವ ಜಗಳವನ್ನು ನೋಡದ ಪ್ರೇಕ್ಷಕನಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಅಮೆರಿಕದ ಪುರುಷರ ತಂಡವನ್ನು ಸಿದ್ಧಗೊಳಿಸಿದ ಕೋಚ್ ಡಗ್ ಬೀಲ್ ಈ ಪದ್ಧತಿಯನ್ನೇ ತಲೆಕೆಳಗು ಮಾಡಿದರು. ಐವರಿಂದ ಎತ್ತಿಸುವ ಬದಲು ಚೆನ್ನಾಗಿ ಎತ್ತುವ ಇಬ್ಬರನ್ನೇ ಆರಿಸಿದರು: ಕಾರ್ಚ್ ಕಿರಾಯ್ ಮತ್ತು ಆಲ್ಡಿಸ್ ಬರ್ಜಿನ್ಸ್. ಸರ್ವೀಸ್ ಎಲ್ಲಿಗೇ ಬರಲಿ, ಅಂಕಣದ ಹೆಚ್ಚಿನ ಪಾಲನ್ನು ಇವರಿಬ್ಬರೇ ಹಂಚಿಕೊಂಡರು, ಉಳಿದವರು ಪಕ್ಕಕ್ಕೆ ಸರಿದು ಹೊಡೆಯಲು ತಯಾರಾದರು. ಚಿನ್ನ ಬಂತು. ಆ ಸಲ ಸೋವಿಯತ್ ಒಕ್ಕೂಟ ಬಹಿಷ್ಕಾರ ಹಾಕಿತ್ತು, ಹಾಗಾಗಿ ಗೆದ್ದರು ಎಂದವರೂ ಇದ್ದರು. 1988ರಲ್ಲಿ ಸೋಲ್‌ನ ಫೈನಲ್‌ನಲ್ಲಿ ಅದೇ ಸೋವಿಯತ್ ತಂಡವನ್ನು ಸೋಲಿಸಿ ಅಮೆರಿಕ ಮತ್ತೆ ಚಿನ್ನ ಗೆದ್ದಿತು, ಕಿರಾಯ್ ಆ ತಂಡದಲ್ಲೂ ಇದ್ದರು.

ಇದು ನಿಯಮಕ್ಕೆ ವಿರುದ್ಧವೇನಲ್ಲ. ಸರ್ವೀಸ್ ಎದುರಿಸುವ ಕ್ಷಣದಲ್ಲಿ ಮುಂದಿನವನು ತನ್ನ ಹಿಂದಿನವನಿಗಿಂತ ಮುಂದಿರಬೇಕು, ಅಕ್ಕಪಕ್ಕದವರ ಎಡಬಲ ಅದಲುಬದಲಾಗಬಾರದು. ಇಷ್ಟು ಉಳಿಸಿಕೊಂಡರೆ ಅಂಕಣದಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಊರ ತಂಡಕ್ಕೆ ಇಬ್ಬರ ಪದ್ಧತಿ ಭಾರವಾದೀತು, ಮೂವರ ಪದ್ಧತಿ ಸಾಕು. ತಂಡದಲ್ಲಿ ಚೆನ್ನಾಗಿ ಎತ್ತುವ ಮೂವರು ಯಾರು ಎಂದು 3-2-1-0 ಬರೆದಿಟ್ಟ ನೋಟ್‌ಬುಕ್ಕಿನ ಸರಾಸರಿ ನೋಡಿ ನಿರ್ಧರಿಸಿ, ಹಿರಿತನ ನೋಡಿಯಲ್ಲ. ಪ್ರತಿ ರೊಟೇಶನ್ನಿಗೂ ಆ ಮೂವರು ಎಲ್ಲಿ ನಿಲ್ಲಬೇಕು ಎಂದು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಆಡಿಸಿ. ಇಬ್ಬರ ನಡುವೆ ಬಂದ ಚೆಂಡು ಯಾರದ್ದು ಎಂಬುದು ಪಂದ್ಯಕ್ಕೆ ಮೊದಲೇ ತೀರ್ಮಾನವಾಗಿರಬೇಕು.

1998ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಲಿಬೆರೊ ಬಂದದ್ದೂ ಎತ್ತುವ ಆಟಕ್ಕೆ ಬಲ ಕೊಡಲೆಂದೇ. ಬೇರೆ ಬಣ್ಣದ ಅಂಗಿ ತೊಟ್ಟ ಈ ಆಟಗಾರ ಹಿಂದಿನ ಸಾಲಿನ ಯಾರ ಬದಲಿಗಾದರೂ ಒಳಗೆ ಬರಬಹುದು, ಅದು ಸಬ್‌ಸ್ಟಿಟ್ಯೂಷನ್ ಲೆಕ್ಕಕ್ಕೆ ಸೇರುವುದಿಲ್ಲ. ಬ್ಲಾಕ್ ಮಾಡುವ ಹಾಗಿಲ್ಲ, ಅಂತರರಾಷ್ಟ್ರೀಯ ನಿಯಮದಲ್ಲಿ ಸರ್ವೀಸ್ ಮಾಡುವ ಹಾಗಿಲ್ಲ, ಬಲೆಯ ಎತ್ತರಕ್ಕಿಂತ ಮೇಲಿರುವ ಚೆಂಡನ್ನು ಎದುರು ಅಂಕಣಕ್ಕೆ ಹೊಡೆಯುವ ಹಾಗಿಲ್ಲ. ಎತ್ತುವುದೊಂದೇ ಅವನ ಕೆಲಸ. ಐದೂವರೆ ಅಡಿಯ ಹುಡುಗನಿಗೂ ವಾಲಿಬಾಲಿನಲ್ಲಿ ಭವಿಷ್ಯವಿದೆ ಎಂದು ತೋರಿಸಿಕೊಟ್ಟ ನಿಯಮ ಇದು. ನಮ್ಮಲ್ಲಿ ಆದದ್ದೇನು? ಎಷ್ಟೋ ತಂಡಗಳಲ್ಲಿ ‘ಬೇರೆ ಎಲ್ಲೂ ಆಗದವನು’ ಲಿಬೆರೊ ಆಗುತ್ತಾನೆ. ತಂಡದ ಅತ್ಯಂತ ಚುರುಕು ಕಣ್ಣಿನವನಿಗೆ ಕೊಡಬೇಕಾದ ಅಂಗಿಯನ್ನು ಉಳಿದವನಿಗೆ ತೊಡಿಸುತ್ತೇವೆ.

ಪ್ರಾಕ್ಟೀಸಿನ ಬಗ್ಗೆ ಒಂದೇ ಮಾತು: ರಿಸೀವ್ ಕಲಿಸಲು ಸರ್ವೀಸನ್ನೇ ಹಾಕಿಸಿ. ಎದುರು ಬದುರು ನಿಂತು ಇಬ್ಬರು ಅಂಡರ್‌ಹ್ಯಾಂಡ್ ಆಡಿಕೊಳ್ಳುವುದು ಮೈ ಬಿಸಿ ಮಾಡಲು ಆದೀತು. ಕೋಚ್ ಮೂರು ಮೀಟರ್ ದೂರದಿಂದ ಮೃದುವಾಗಿ ಎಸೆದ ಚೆಂಡನ್ನು ನೂರು ಸಲ ಚಂದವಾಗಿ ಎತ್ತಿದವನು ಪಂದ್ಯದಲ್ಲಿ ತಬ್ಬಿಬ್ಬಾಗುತ್ತಾನೆ, ಯಾಕೆಂದರೆ ಬಲೆಯಾಚೆಯ ಭುಜ ಓದುವುದನ್ನು ಅವನು ಕಲಿತೇ ಇಲ್ಲ. ಒಂದು ಬದಿ ಸರ್ವೀಸ್ ಮಾಡುವವರು, ಇನ್ನೊಂದು ಬದಿ ಮೂವರು ರಿಸೀವರ್, ಒಬ್ಬ ಲಿಫ್ಟರ್, ಪಕ್ಕದಲ್ಲಿ 3-2-1-0 ಬರೆಯುವ ಒಬ್ಬ. ಅರ್ಧ ಗಂಟೆ ಸಾಕು. ಸರ್ವೀಸ್ ಮಾಡುವವರಿಗೂ ಅದೇ ಅಭ್ಯಾಸವಾಗುತ್ತದೆ.

ಜೋರು ಮಾಡಿದರೇ ರಿಸೀವ್ ಬರುತ್ತದೆ ಎಂದು ನಂಬುವ ಕೋಚ್‌ಗಳು ಜಪಾನಿನ ಹಿರೋಬುಮಿ ದೈಮಾತ್ಸು ಅವರ ಹೆಸರು ಹೇಳುವುದುಂಟು. ನಿಚಿಬೊ ಜವಳಿ ಕಂಪನಿಯ ಕೈಝುಕಾ ಗಿರಣಿಯ ಹೆಣ್ಣುಮಕ್ಕಳ ತಂಡವನ್ನು ಪಳಗಿಸಿ, ಬಹುಪಾಲು ಅವರನ್ನೇ ಕಟ್ಟಿಕೊಂಡು 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವರು ಅವರು. ವಾಲಿಬಾಲ್ ಒಲಿಂಪಿಕ್ಸಿಗೆ ಕಾಲಿಟ್ಟದ್ದೂ ಆ ವರ್ಷವೇ. ಎತ್ತರದ ಸೋವಿಯತ್ ಆಟಗಾರ್ತಿಯರ ಹೊಡೆತಗಳಿಗೆಲ್ಲ ನೆಲಕ್ಕೆ ಬಿದ್ದು, ಚೆಂಡು ಎತ್ತಿ, ಭುಜದ ಮೇಲೆ ಉರುಳಿ, ಅದೇ ವೇಗದಲ್ಲಿ ಎದ್ದು ನಿಲ್ಲುವ ಉರುಳು ರಿಸೀವ್ ಆ ತಂಡದ ಕೊಡುಗೆ. ಫೈನಲ್ಲಿಗೆ ಜಪಾನಿನಲ್ಲಿ ದಾಖಲಾದ ಟಿವಿ ವೀಕ್ಷಣೆ ಶೇ 66.8. ಆದರೆ ಗಿರಣಿಯ ಕೆಲಸ ಮುಗಿದ ಮೇಲೆ ನಡುರಾತ್ರಿ ದಾಟುವವರೆಗೆ ನಡೆಯುತ್ತಿದ್ದ ಆ ತರಬೇತಿಯ ಕ್ರೂರತೆಯನ್ನು ಜಪಾನೀಯರೇ ಟೀಕಿಸಿದ್ದಾರೆ. ಉರುಳುವ ಕಲೆಯನ್ನು ಅವರಿಂದ ತೆಗೆದುಕೊಳ್ಳೋಣ, ಬೈಗುಳವನ್ನು ಬೇಡ. ಹೆದರಿದ ಹುಡುಗನ ಮುಂಗೈ ಬಿಗಿಯುತ್ತದೆ, ಬಿಗಿದ ಕೈಯಿಂದ ಚೆಂಡು ಪುಟಿದು ದೂರ ಹೋಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮದೇ ಒಂದು ತೊಡಕಿದೆ. ನಮ್ಮ ಶಾಲೆಗಳಲ್ಲಿ ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್ ಎಂಬ ಹಂಚಿಕೆ ಯಾವ ಕಾಲದಿಂದಲೋ ನಡೆದುಬಂದಿದೆ. ಥ್ರೋಬಾಲ್ ಒಳ್ಳೆಯ ಆಟವೇ, ಜಗಳವಿಲ್ಲ. ಆದರೆ ಅಲ್ಲಿ ಚೆಂಡು ಹಿಡಿಯಬೇಕು, ಇಲ್ಲಿ ಹಿಡಿಯಲೇಬಾರದು. ಐದಾರು ವರ್ಷ ಹಿಡಿದು ರೂಢಿಯಾದ ಕೈಗೆ ಹೈಸ್ಕೂಲು ದಾಟಿದ ಮೇಲೆ ಅಂಡರ್‌ಹ್ಯಾಂಡ್ ಕಲಿಸುವುದು ಕಷ್ಟ. ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ: ಐದನೆಯ, ಆರನೆಯ ತರಗತಿಯಲ್ಲೇ ಹುಡುಗಿಯರಿಗೂ ಸಣ್ಣ ಅಂಕಣ, ತಗ್ಗಿಸಿದ ಬಲೆ, ಒಂದೊಂದು ಬದಿಗೆ ಮೂವರು, ಹಗುರ ಚೆಂಡು ಕೊಟ್ಟು ಮಿನಿ ವಾಲಿಬಾಲ್ ಆಡಿಸಿ. ಮೂವರೇ ಇದ್ದರೆ ಯಾರಿಗೂ ಬಚ್ಚಿಟ್ಟುಕೊಳ್ಳಲು ಜಾಗವಿರುವುದಿಲ್ಲ, ಎಲ್ಲರ ಕೈಗೂ ಚೆಂಡು ಬರುತ್ತದೆ.

ಗಾಯದ ಬಗ್ಗೆ ಚುಟುಕಾಗಿ. ವಾಲಿಬಾಲಿನಲ್ಲಿ ಅತಿ ಸಾಮಾನ್ಯ ಪೆಟ್ಟು ಕಾಲಿನ ಗಿಣ್ಣು ಉಳುಕುವುದು, ಅದೂ ಹೆಚ್ಚಾಗಿ ಬಲೆಯ ಕೆಳಗೆ ಒಬ್ಬರ ಪಾದದ ಮೇಲೆ ಇನ್ನೊಬ್ಬರು ಇಳಿದಾಗ. ಸ್ಮ್ಯಾಷ್ ಹೊಡೆಯುವವನು ಮುಂದಕ್ಕೆ ತೇಲಿಹೋಗದೆ ಹಾರಿದ ಜಾಗದ ಹತ್ತಿರವೇ ಎರಡೂ ಕಾಲಿನಲ್ಲಿ ಇಳಿಯುವುದನ್ನು ಕಲಿತರೆ ಅರ್ಧ ಅಪಾಯ ತಪ್ಪುತ್ತದೆ. ಸಿಮೆಂಟ್ ನೆಲದ ಮೇಲೆ ದಿನವೂ ನೂರಾರು ಸಲ ಹಾರಿಸಬೇಡಿ. ಮಂಡಿಚಿಪ್ಪಿನ ಕೆಳಗೆ ನೋವು ಶುರುವಾದ ಹುಡುಗನಿಗೆ ವಿಶ್ರಾಂತಿ ಕೊಟ್ಟು ವೈದ್ಯರಿಗೆ ತೋರಿಸಿ, ಎಣ್ಣೆ ತಿಕ್ಕಿ ಮತ್ತೆ ಹಾರಿಸಬೇಡಿ.

ಇನ್ನು ಪ್ರೇಕ್ಷಕರು. ನಮ್ಮ ಪ್ರೇಕ್ಷಕರ ಉತ್ಸಾಹಕ್ಕೆ ಎಣೆಯಿಲ್ಲ, ನಿಯಮದ ಜ್ಞಾನ ಮಾತ್ರ ತುಸು ಹಳೆಯದು. ಸರ್ವೀಸ್ ಎತ್ತುವಾಗ ಚೆಂಡು ಮುಂಗೈಗೆ ತಾಗಿ ಎದೆಗೂ ತಾಗಿದರೆ ಇಡೀ ಮೈದಾನ ‘ಡಬಲ್, ಡಬಲ್’ ಎಂದು ಕೂಗುತ್ತದೆ, ರೆಫರಿ ಸೀಟಿ ಊದದಿದ್ದರೆ ಅವನ ಜನ್ಮ ಜಾಲಾಡುತ್ತದೆ. ತಂಡದ ಮೊದಲ ಹೊಡೆತದಲ್ಲಿ, ಅದು ಒಂದೇ ಕ್ರಿಯೆಯಾಗಿದ್ದರೆ, ಚೆಂಡು ಮೈಯ ಒಂದಕ್ಕಿಂತ ಹೆಚ್ಚು ಭಾಗಕ್ಕೆ ತಾಗುವುದು ತಪ್ಪಲ್ಲ. ಕಾಲಿನಿಂದ ಎತ್ತಿದರೂ ತಪ್ಪಲ್ಲ. ಬ್ಲಾಕಿಗೆ ತಾಗಿದ ಚೆಂಡು ಮೂರು ಹೊಡೆತದ ಲೆಕ್ಕಕ್ಕೆ ಬರುವುದಿಲ್ಲ. ಬಲೆ ಸವರಿ ಆಚೆ ಬಿದ್ದ ಸರ್ವೀಸ್ ಕೂಡ ಸರಿಯೇ. ಈ ನಾಲ್ಕು ನಿಯಮ ಗೊತ್ತಿದ್ದರೆ ಗಲಾಟೆ ಅರ್ಧ ಇಳಿಯುತ್ತದೆ.

ಆಟ ನೋಡುವ ಬಗೆಯೂ ಒಂದಿದೆ. ಸರ್ವೀಸ್ ಆದ ಮೇಲೆ ಚೆಂಡು ಬಿಟ್ಟು ಲಿಫ್ಟರ್ ಕಾಲು ನೋಡಿ. ಅವನು ನಿಂತ ಜಾಗ ಬಿಟ್ಟು ಕದಲಲಿಲ್ಲವೆಂದರೆ ರಿಸೀವ್ ಚೊಕ್ಕವಾಗಿದೆ ಎಂದರ್ಥ, ಇನ್ನು ಒಂದು ಕ್ಷಣದಲ್ಲಿ ಏನೋ ಚಂದದ್ದು ನಡೆಯಲಿದೆ. 2023ರ ಡಿಸೆಂಬರಿನಲ್ಲಿ ಪುರುಷರ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ಮೊದಲ ಬಾರಿ ಭಾರತಕ್ಕೆ, ಅದೂ ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣಕ್ಕೆ ಬಂದಾಗ ಇಟಲಿಯ ಪೆರುಜಾ ತಂಡ ಗೆದ್ದದ್ದು ಹೀಗೇ. ಲಿಬೆರೊ ಮಾಸ್ಸಿಮೊ ಕೊಲಾಚಿ ಮತ್ತು ಜೊತೆಗಾರರು ಎತ್ತಿದ ಚೆಂಡು ಲಿಫ್ಟರ್ ಸಿಮೋನೆ ಜಾನೆಲ್ಲಿ ಕೈಗೆ ಹೋದಮೇಲೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಲು ಎದುರು ತಂಡದ ಬ್ಲಾಕಿಗರಿಗೇ ಆಗುತ್ತಿರಲಿಲ್ಲ. ‘ಹೈಕ್ಯೂ’ ಎಂಬ ಜಪಾನಿ ಅನಿಮೆ ನೋಡಿ ವಾಲಿಬಾಲಿಗೆ ಮರುಳಾದ ಕಾಲೇಜು ಹುಡುಗ ಹುಡುಗಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅದರಲ್ಲಿ ರಿಸೀವ್ ಮಾಡುವವರೂ ನಾಯಕರೇ.

ಭಾರತದ ಆಟ ನೋಡಿದರೂ ಪಾಠ ಅದೇ. ಪುರುಷರ ತಂಡಕ್ಕೆ ಏಷ್ಯನ್ ಗೇಮ್ಸಿನಲ್ಲಿ ಕೊನೆಯ ಪದಕ ಬಂದದ್ದು 1986ರಲ್ಲಿ, ಕೇರಳದ ಜಿಮ್ಮಿ ಜಾರ್ಜ್ ಆಡಿದ ಕಾಲದಲ್ಲಿ. ಜಿಮ್ಮಿಯ ಜಿಗಿತದ ಕಥೆ ಮಂಗಳೂರಿನಿಂದ ಕಾಸರಗೋಡಿನವರೆಗೆ ಇಂದಿಗೂ ಬಾಯಿಂದ ಬಾಯಿಗೆ ಹೋಗುತ್ತದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಇದ್ದ ತಂಡ ಹಿಂದಿನ ಸಲದ ಬೆಳ್ಳಿ ಗೆದ್ದಿದ್ದ ದಕ್ಷಿಣ ಕೊರಿಯಾವನ್ನು 3-2ರಿಂದ ಸೋಲಿಸಿದಾಗ ದೇಶವೇ ಬೆರಗಾಯಿತು. ಆಮೇಲೆ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಜಪಾನ್, ರಿಸೀವನ್ನೇ ಉಸಿರಾಡುವ ದೇಶ. ಅಲ್ಲಿ ಸೋತೆವು, ಆರನೆಯ ಸ್ಥಾನದಲ್ಲಿ ಮುಗಿಸಿದೆವು. ನಮ್ಮ ಹುಡುಗರ ಎತ್ತರದಲ್ಲಿ ಕೊರತೆ ಇರಲಿಲ್ಲ.

ಈಗ ಪ್ರೈಮ್ ವಾಲಿಬಾಲ್ ಲೀಗಿನಲ್ಲಿ ಸೆಟ್ಟಿಗೆ 15 ಅಂಕ, ಬೆಂಗಳೂರು ಟಾರ್ಪೆಡೋಸ್ 2025ರಲ್ಲಿ ಚಾಂಪಿಯನ್. ಊರ ಪಂದ್ಯಾಟಗಳೂ ಸಮಯ ಉಳಿಸಲು 15ಕ್ಕೇ ಸೆಟ್ ಮುಗಿಸುತ್ತವೆ. ಅಂಕ ಕಡಿಮೆಯಾದಷ್ಟೂ ಕೆಟ್ಟ ರಿಸೀವಿನ ಬೆಲೆ ಹೆಚ್ಚು. 25 ಅಂಕದ ಸೆಟ್ಟಿನಲ್ಲಿ ನಾಲ್ಕು ಅಂಕ ಹಿಂದೆ ಬಿದ್ದರೆ ಸುಧಾರಿಸಿಕೊಳ್ಳಬಹುದು, 15ರಲ್ಲಿ ಅಷ್ಟು ವ್ಯವಧಾನವಿಲ್ಲ.

ಕೊನೆಯ ಮಾತು ಪಂದ್ಯಾಟ ನಡೆಸುವ ಯುವಕ ಮಂಡಲಗಳಿಗೆ, ಸಂಘಗಳಿಗೆ. ವೈಯಕ್ತಿಕ ಬಹುಮಾನದಲ್ಲಿ ಉತ್ತಮ ಸ್ಮ್ಯಾಷರ್ ಇದ್ದಾನೆ, ಉತ್ತಮ ಲಿಫ್ಟರ್ ಇದ್ದಾನೆ, ಆಲ್‌ರೌಂಡರ್ ಇದ್ದಾನೆ. ಹೆಚ್ಚಿನ ಕಡೆ ಉತ್ತಮ ರಿಸೀವರ್‌ಗೆ ಏನೂ ಇಲ್ಲ. ಮುಂದಿನ ಕರಪತ್ರ ಅಚ್ಚಿಗೆ ಕೊಡುವ ಮೊದಲು ಆ ಒಂದು ಸಾಲು ಸೇರಿಸಿ, ಸ್ಮ್ಯಾಷರ್‌ಗೆ ಇಟ್ಟಷ್ಟೇ ಮೊತ್ತ ಇಡಿ. ಯಾರಿಗೆ ಕೊಡುವುದು ಎಂಬ ಜಗಳ ಬೇಡ: ಸ್ಕೋರರ್ ಪಕ್ಕದಲ್ಲಿ ಆಟ ಬಲ್ಲ ಇಬ್ಬರನ್ನು ಕೂರಿಸಿ 3-2-1-0 ಬರೆಸಿ, ಸೆಮಿಫೈನಲ್ ಮತ್ತು ಫೈನಲ್‌ನ ಸರಾಸರಿ ನೋಡಿ ಹೆಸರು ಮೈಕಿನಲ್ಲಿ ಕೂಗಿ.